ಪಾನಕದ ಪರ್ಫ್ಯೂಮ್: ಬೆಲ್ಲದ ವಾಸನೆ ಕೊನೆಗೂ ಸಿಕ್ತು

ರಾಮನವಮಿ ಪಾನಕದ ಪರ್ಫ್ಯೂಮ್ ಮಾಡ್ತೀನಿ ಅಂದಾಗ ಈ ಫೀಲ್ಡಲ್ಲಿ ಇರೋ ಹಳಬರೆಲ್ಲ "ಕುಡಿಯೋಕೆ ಸರಿ ಕಣಪ್ಪ, ಮೈಗೆ ಹಾಕೋಕಲ್ಲ" ಅಂದಿದ್ರು. ಈಗ ಅವರೇ ಸ್ಯಾಂಪಲ್ ಕೇಳ್ತಿದಾರೆ, ಅದಕ್ಕೇ ಬರೀತಿದೀನಿ.

ಶುಂಠಿ, ಏಲಕ್ಕಿ, ಮೆಣಸು ದೊಡ್ಡ ವಿಷಯ ಅಲ್ಲ. ಕಷ್ಟ ಇರೋದು ಬೆಲ್ಲದಲ್ಲಿ. ಎಲ್ಲರ ಹಾಗೆ ಈಥೈಲ್ ಮಾಲ್ಟಾಲ್ ಅನ್ನೋ ಸಿಹಿ ವಾಸನೆ ಕೆಮಿಕಲ್ ಹಾಕಿ ನೋಡಿದೆ, ಬಂದಿದ್ದು ಬಾಂಬೆ ಮಿಠಾಯಿ. ಮೊದಲೇ ಬೆರೆಸಿಟ್ಟ ಬೆಲ್ಲದ ವಾಸನೆಯ ರೆಡಿ ಕಾಂಪೌಂಡ್ ತರಿಸಿದೆ, ಎರಡು ಸಾವಿರದ ಹತ್ರ ಹೋಯ್ತು, ಅದೂ ಬರೀ ಟಾಫಿ. ಆಮೇಲೆ ಅಚ್ಚು ಬೆಲ್ಲನೇ ಕುಟ್ಟಿ ಸ್ಪಿರಿಟ್‌ನಲ್ಲಿ ನೆನೆಹಾಕಿದೆ, ಸಕ್ಕರೆ ಅಂಶ ಅದರಲ್ಲಿ ಕರಗಲ್ವಲ್ಲ, ತಳದಲ್ಲಿ ಅಂಟಂಟಾಗಿ ಕೂತ್ಕೊಂಡ್ತು, ಮೇಲಿನ ತಿಳಿ ಹಚ್ಚಿದ್ರೆ ಐದು ನಿಮಿಷಕ್ಕೆ ವಾಸನೆ ಮಾಯ, ಬಿಳಿ ಬಟ್ಟೆ ಮೇಲೆ ಕಲೆ ಮಾತ್ರ ಉಳೀತು.

ಕೊನೆಗೆ ಕೈ ಹಿಡಿದಿದ್ದು ಮೆಂತ್ಯ. ಮೆಂತ್ಯದಲ್ಲಿರೋ ಸೊಟೊಲೋನ್ ಅನ್ನೋ ವಾಸನೆ ಅಂಶ ಕಬ್ಬಿನ ಕಚ್ಚಾ ಸಕ್ಕರೆಯಲ್ಲೂ ಇದೆ. ಜಾಸ್ತಿ ಆದ್ರೆ ಸಾರಿನ ಪುಡಿ, ಹದವಾಗಿ ಬಿದ್ರೆ ಸಾಕ್ಷಾತ್ ಆಲೆಮನೆ. ಸೊಟೊಲೋನ್‌ನ 0.1 ಪರ್ಸೆಂಟ್‌ಗೆ ತೆಳು ಮಾಡ್ಕೊಂಡು ಹನಿ ಲೆಕ್ಕದಲ್ಲಿ ಹಾಕಿ, ಅದಕ್ಕಿಂತ ಗಟ್ಟಿ ಇದ್ರೆ ಬೇರೆ ಎಲ್ಲಾನೂ ನುಂಗಿಬಿಡುತ್ತೆ. ಜೊತೆಗೆ ಕೊಪ್ಪರಿಗೆ ಹೊಗೆ ಬರೋಕೆ ಇನ್ನೊಂದು ವಸ್ತು ಹಾಕ್ತೀನಿ, ಅದು ನನ್ನ ಹತ್ರಾನೇ ಇರ್ಲಿ.

ಶುಂಠಿಗೆ ಸಿಒಟು (ಕಾರ್ಬನ್ ಡೈಆಕ್ಸೈಡ್ ಬಳಸಿ ತೆಗೆದ) ಎಕ್ಸ್‌ಟ್ರಾಕ್ಟೇ ತಗೊಳ್ಳಿ, ದುಡ್ಡು ಎರಡರಷ್ಟಾದ್ರೂ ಪರವಾಗಿಲ್ಲ. ಭಟ್ಟಿ ಇಳಿಸಿದ ಎಣ್ಣೆಗೆ ಶುಂಠಿಯ ಖಾರದ ಅಂಶ ಜಿಂಜೆರಾಲ್ ಬರಲ್ಲ, ಒಣಶುಂಠಿ ಗಾಢತೆ ಸಿಗಲ್ಲ. ಏಲಕ್ಕಿಯಲ್ಲಿ ಸಿನಿಯೋಲ್ (ನೀಲಗಿರಿ ಎಣ್ಣೆ ವಾಸನೆಯ ಅಂಶ) ಜಾಸ್ತಿ ಇದ್ರೆ ನೆಗಡಿ ಮುಲಾಮಿನ ಕಡೆ ಎಳೆಯುತ್ತೆ, ಅದರ ಮೇಲೆ ಪಚ್ಚಕರ್ಪೂರ ಬೇರೆ ಬಿದ್ರೆ ಕಥೆ ಮುಗೀತು, ಹಾಗಾಗಿ ಕರ್ಪೂರ ಚಿಟಿಕೆಗಿಂತ ಕಮ್ಮಿ. ನಿಂಬೆ ಎಣ್ಣೆ ಭಟ್ಟಿ ಇಳಿಸಿದ್ದೇ ಆಗ್ಬೇಕು, ಸಿಪ್ಪೆ ಹಿಂಡಿ ತೆಗೆದ ಕೋಲ್ಡ್ ಪ್ರೆಸ್ಡ್ ಎಣ್ಣೆ ಹಚ್ಕೊಂಡು ಬಿಸಿಲಿಗೆ ಹೋದ್ರೆ ಚರ್ಮ ಸುಡಬಹುದು.

ಮಧ್ಯದಲ್ಲಿ ಬೇಲದ ಹಣ್ಣಿನ ಪಾನಕಕ್ಕೂ ಕೈ ಹಾಕ್ದೆ, ಈಥೈಲ್ ಬ್ಯುಟಿರೇಟ್ ಅನ್ನೋ ಹಣ್ಣಿನ ವಾಸನೆ ಕೆಮಿಕಲ್‌ನಿಂದ ಹಣ್ಣು ಬಂತು, ಆ ಒಗರು ಹುಳಿ ಬರ್ಲಿಲ್ಲ, ಇನ್ನೂ ಬಿಟ್ಟಿಲ್ಲ.

ತಳಕ್ಕೆ ಶ್ರೀಗಂಧ. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ ತಿನ್ನುತ್ತೆ, 30 ಎಂಎಲ್ ಬಾಟಲಿಗೆ ಆರೇಳುನೂರು ಬೀಳುತ್ತೆ. ಸಿಂಥೆಟಿಕ್ ಹಾಕಿದ್ರೆ ಇನ್ನೂರಕ್ಕೆ ಆಗುತ್ತೆ, ಆದ್ರೆ ಬೆಲ್ಲ ನಿಲ್ಲೋದು ಅಸಲಿ ಗಂಧದ ಮೇಲೇನೇ. ಎಲ್ಲಾ ಬೆರೆಸಿದ ಮೇಲೆ ತಿಂಗಳಾದ್ರೂ ಕತ್ತಲಲ್ಲಿಡಿ, ಮೊದಲ ವಾರ ಮೆಂತ್ಯನೇ ಮುಂದೆ ಬರುತ್ತೆ, ಚೆಲ್ಬೇಡಿ.