ಮರುಅಭಿನಯಕ್ಕೊಂದು ವಿಕಿ ಯೋಜನೆ: ತಂಡ ಕಟ್ಟಿ ಲೇಖನ ಬೆಳೆಸುವುದು ಹೇಗೆ?

1815ರ ಜೂನ್ 18ರಂದು ವಾಟರ್ಲೂ ಬಯಲಿನಲ್ಲಿ ನೆಪೋಲಿಯನ್ ಸೋತ. ಇನ್ನೂರು ವರ್ಷ ತುಂಬಿದಾಗ, 2015ರ ಜೂನ್‌ನಲ್ಲಿ, ಸಾವಿರಾರು ಹವ್ಯಾಸಿಗಳು ಆ ಕಾಲದ ಸಮವಸ್ತ್ರ ತೊಟ್ಟು, ಕುದುರೆ, ಫಿರಂಗಿ ಸಮೇತ ಬೆಲ್ಜಿಯಂನಲ್ಲಿ ಸೇರಿ ಅದೇ ಯುದ್ಧವನ್ನು ಮತ್ತೆ ಆಡಿ ತೋರಿಸಿದರು. ಇದನ್ನೇ ಐತಿಹಾಸಿಕ ಮರುಅಭಿನಯ ಎನ್ನುವುದು. ಯುದ್ಧದ ಬಗ್ಗೆ ವಿಕಿಪೀಡಿಯದಲ್ಲಿ ಬೇಕಾದಷ್ಟು ಓದಲು ಸಿಗುತ್ತದೆ. ಅದನ್ನು ಮತ್ತೆ ಆಡುವವರ ಬಗ್ಗೆ ಸಿಗುವುದು ಕಮ್ಮಿ. ಸಿಕ್ಕರೂ ಅಲ್ಲೊಂದು ಸಾಲು, ಇಲ್ಲೊಂದು ಫೋಟೊ.

ಈ ಕೊರತೆ ತುಂಬಲು ಒಬ್ಬರೇ ಕೂತು ಬರೆಯಬಹುದು. ನಾಲ್ಕೈದು ಮಂದಿ ಸೇರಿ ವಿಕಿ ಯೋಜನೆ ಮಾಡಿಕೊಂಡರೆ ಕೆಲಸ ಹಗುರ. ಯೋಜನೆ ಅಂದರೆ ದೊಡ್ಡ ಸಂಗತಿ ಏನಲ್ಲ. ಒಂದು ವಿಷಯದ ಲೇಖನಗಳನ್ನೆಲ್ಲ ಪಟ್ಟಿ ಮಾಡಿ, ಯಾವುದಕ್ಕೆ ಏನು ಬೇಕು ಎಂದು ನೋಡಿ, ಹಂಚಿಕೊಂಡು ತಿದ್ದುವ ಗುಂಪು, ಅಷ್ಟೇ. ಅಧ್ಯಕ್ಷರು, ಕಾರ್ಯದರ್ಶಿ ಯಾರೂ ಬೇಡ. ಆದರೆ ಈ ವಿಷಯಕ್ಕೆ ಅದರದ್ದೇ ಒಂದು ತಲೆನೋವಿದೆ. ಇಲ್ಲಿ ಯಾವಾಗಲೂ ಎರಡು ಘಟನೆಗಳು ಇರುತ್ತವೆ: ಅಂದು ನಡೆದದ್ದು, ಆಮೇಲೆ ಆಡಿ ತೋರಿಸಿದ್ದು. ಇವೆರಡೂ ಒಂದಕ್ಕೊಂದು ಕಲಸಿಹೋಗದಂತೆ ನೋಡಿಕೊಳ್ಳುವುದೇ ತಂಡದ ಮುಕ್ಕಾಲು ಕೆಲಸ.

ಹಂತ 1: ಎಲ್ಲಿವರೆಗೆ ನಮ್ಮದು?

ಮೊದಲು ಗಡಿ ಗುರುತಿಸಿ. ಇಲ್ಲದಿದ್ದರೆ ಹಳೆಯ ಕಾಲದ ಬಟ್ಟೆ ಹಾಕಿಕೊಂಡವರೆಲ್ಲ ನಿಮ್ಮ ಪಟ್ಟಿಗೆ ಬಂದುಬಿಡುತ್ತಾರೆ.

ಕೆಲವು ಸುಲಭ. ಬ್ರಿಟನ್ನಿನಲ್ಲಿ 1968ರಲ್ಲಿ ಬ್ರಿಗೇಡಿಯರ್ ಪೀಟರ್ ಯಂಗ್ ಶುರು ಮಾಡಿದ ಸೀಲ್ಡ್ ನಾಟ್ ಸಂಘ 17ನೇ ಶತಮಾನದ ಇಂಗ್ಲಿಷ್ ಅಂತರ್ಯುದ್ಧವನ್ನು ಆಡಿ ತೋರಿಸುತ್ತದೆ. ಪೋಲೆಂಡಿನಲ್ಲಿ 1410ರ ಗ್ರುನ್‌ವಾಲ್ಡ್ ಯುದ್ಧವನ್ನು ಜುಲೈ ತಿಂಗಳಲ್ಲಿ ಆಡುತ್ತಾರೆ. ಇವು ಕಣ್ಣುಮುಚ್ಚಿ ಒಳಗೆ.

ಗಡಿಯ ಮೇಲೆ ನಿಂತವು ಜಾಸ್ತಿ ಕಾಡುತ್ತವೆ. ಸ್ಟಾಕ್‌ಹೋಮಿನ ಸ್ಕಾನ್ಸೆನ್ 1891ರಲ್ಲಿ ತೆರೆದ ಬಯಲು ವಸ್ತುಸಂಗ್ರಹಾಲಯ. ಅಲ್ಲಿ ಯುದ್ಧ ಇಲ್ಲ, ಹಳೆಯ ದಿನನಿತ್ಯದ ಬದುಕನ್ನು ತೋರಿಸುತ್ತಾರೆ. ಇಂಗ್ಲೆಂಡಿನ ಬಟ್ಸರ್ ಹೊಲದಲ್ಲಿ ಕಬ್ಬಿಣ ಯುಗದ ಮನೆ ಕಟ್ಟಿ, ಬೆಳೆ ಬೆಳೆದು ನೋಡುವುದು ಪುರಾತತ್ವದ ಪ್ರಯೋಗ. ಕ್ಯೋಟೊ ನಗರದಲ್ಲಿ 1895ರಿಂದ ನಡೆಯುತ್ತಿರುವ ಜಿದಾಯ್ ಮತ್ಸುರಿ ಬೇರೆ ಬೇರೆ ಕಾಲದ ವೇಷಗಳ ಮೆರವಣಿಗೆ. ಅಮೆರಿಕದಲ್ಲಿ 1966ರಲ್ಲಿ ಹುಟ್ಟಿದ ಸೊಸೈಟಿ ಫಾರ್ ಕ್ರಿಯೇಟಿವ್ ಅನಾಕ್ರಾನಿಸಂನವರು ಯಾವುದೇ ಒಂದು ನಿಜ ಘಟನೆಯನ್ನು ಆಡುವುದಿಲ್ಲ, ಮಧ್ಯಯುಗದ ವಾತಾವರಣವನ್ನು ಕಟ್ಟುತ್ತಾರೆ. ನನ್ನ ಕೇಳಿದರೆ ಇವೆಲ್ಲ 'ಸಂಬಂಧಪಟ್ಟವು' ಎಂಬ ಎರಡನೇ ಪಟ್ಟಿಗೆ ಹೋಗಲಿ. ಡ್ರ್ಯಾಗನ್, ಮಂತ್ರವಾದಿ ಬರುವ ಕಲ್ಪನೆಯ ಆಟಗಳು ಪೂರ್ತಿ ಹೊರಗೆ.

ಹಾಗಂತ ಮರುಅಭಿನಯ ಎಂದರೆ ಬರೀ ಹಳೆಯ ಕಾಲದ ಕತ್ತಿವರಸೆ ಎಂದುಕೊಳ್ಳಬೇಡಿ. 1984ರ ಗಣಿ ಕಾರ್ಮಿಕರ ಮುಷ್ಕರದಲ್ಲಿ ಯಾರ್ಕ್‌ಷೈರಿನ ಆರ್ಗ್ರೀವ್‌ನಲ್ಲಿ ಪೊಲೀಸರಿಗೂ ಕಾರ್ಮಿಕರಿಗೂ ನಡೆದ ಘರ್ಷಣೆಯನ್ನು 2001ರಲ್ಲಿ ಮತ್ತೆ ಆಡಿದರು. 1984ರಲ್ಲಿ ಅಲ್ಲಿದ್ದ ಕೆಲವರು ಈ ಮರುಅಭಿನಯದಲ್ಲೂ ಇದ್ದರು. ಇನ್ನೊಂದು ತುದಿಗೆ ಹೋದರೆ, ಕ್ರಿ.ಪೂ. 46ರಲ್ಲಿ ಜೂಲಿಯಸ್ ಸೀಸರ್ ರೋಮ್‌ನಲ್ಲಿ ಕೆರೆ ತೋಡಿಸಿ ನೌಕಾಯುದ್ಧ ಆಡಿಸಿದ್ದ. ಅದರಲ್ಲಿ ಬಿದ್ದವರು ಏಳಲಿಲ್ಲ, ನಿಜವಾಗಿಯೇ ಸತ್ತರು.

ಹಂತ 2: ಮನೆ ಕಟ್ಟುವ ಮುನ್ನ ಬಾಡಿಗೆಗೆ ಇರಿ

ಹೊಸ ಯೋಜನೆ ಪುಟ, ಲಾಂಛನ, ಸದಸ್ಯರಿಗೆ ಬ್ಯಾಡ್ಜು... ಮೊದಲ ವಾರದ ಉತ್ಸಾಹ ಇದರಲ್ಲೇ ಕರಗುತ್ತದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಹೀಗೆ ಶುರುವಾಗಿ ಸದ್ದಿಲ್ಲದೆ ನಿಂತುಹೋದ ಯೋಜನೆಗಳು ಎಷ್ಟೋ. ಅದಕ್ಕಿಂತ, ಸೈನಿಕ ಇತಿಹಾಸದ ಯೋಜನೆ ನಿಮ್ಮ ಭಾಷೆಯ ವಿಕಿಯಲ್ಲಿ ಈಗಾಗಲೇ ಇದ್ದರೆ ಅದರೊಳಗೆ ಒಂದು ಉಪತಂಡವಾಗಿ ಸೇರಿಕೊಳ್ಳಿ. ಅದೂ ಇಲ್ಲವೇ? ನಿಮ್ಮ ಸದಸ್ಯ ಪುಟದ ಕೆಳಗೆ ಒಂದು ಉಪಪುಟ ಸಾಕು. ಅರಳಿಕಟ್ಟೆಯಲ್ಲಿ (ವಿಕಿಯ ಎಲ್ಲರೂ ಸೇರಿ ಚರ್ಚಿಸುವ ಪುಟ) ಒಂದು ಸಂದೇಶ ಹಾಕಿ, ಯಾರಿಗೆ ಆಸಕ್ತಿ ಇದೆ ಎಂದು ಕೇಳಿ. ಐದಾರು ಲೇಖನ ಚೆನ್ನಾಗಿ ನಿಂತ ಮೇಲೆ ದೊಡ್ಡ ಪುಟದ ಮಾತು.

ಹಂತ 3: ಇರುವುದನ್ನು ಮೊದಲು ಲೆಕ್ಕ ಹಾಕಿ

ವರ್ಗ ಪುಟಗಳಿಂದ, ಅಂದರೆ ಒಂದೇ ವಿಷಯದ ಲೇಖನಗಳನ್ನು ಒಟ್ಟಿಗೆ ತೋರಿಸುವ ಪುಟಗಳಿಂದ, ಶುರು ಮಾಡಿ. ಪೆಟ್‌ಸ್ಕ್ಯಾನ್ ಎಂಬ ಉಚಿತ ಉಪಕರಣಕ್ಕೆ ವರ್ಗದ ಹೆಸರು ಕೊಟ್ಟರೆ ಅದರೊಳಗಿನ, ಅದರ ಉಪವರ್ಗಗಳ ಲೇಖನಗಳನ್ನೆಲ್ಲ ಪಟ್ಟಿ ಮಾಡಿ ಕೊಡುತ್ತದೆ. ಆ ಪಟ್ಟಿಯನ್ನು ಯೋಜನೆ ಪುಟಕ್ಕೆ ಅಂಟಿಸಿ, ಪ್ರತಿ ಸಾಲಿನ ಮುಂದೆ ಏನು ಮಾಡಬೇಕು ಎಂದು ಚುಟುಕಾಗಿ ಬರೆಯಿರಿ. ಸ್ಕಾಟ್ಲೆಂಡಿನಲ್ಲಿ ಮಧ್ಯಯುಗದ ಕಾಳಗದ ಪಂದ್ಯವನ್ನು ಮತ್ತೆ ಆಡಿದ ಒಂದು ಘಟನೆಗೆ ಹೀಗೆ:

"ಎಗ್ಲಿಂಟನ್ ಟೂರ್ನಮೆಂಟ್ (1839): ಚುಟುಕು. ಮಳೆಯಿಂದ ಕೆಟ್ಟ ಕಥೆ ಇದೆ, ಆಧಾರ ಇಲ್ಲ. ಸ್ಕಾಟ್ಲೆಂಡ್ ವರ್ಗ ಸೇರಿಸಬೇಕು."

"ಅಭಿವೃದ್ಧಿ ಅಗತ್ಯ" ಎಂದು ಬರೆದರೆ ಯಾರೂ ಕೈ ಹಾಕುವುದಿಲ್ಲ. "ಆಧಾರ ಇಲ್ಲ" ಎಂದರೆ ಸಂಜೆ ಅರ್ಧ ಗಂಟೆ ಬಿಡುವಿರುವವರು ಹುಡುಕಲು ಕೂರುತ್ತಾರೆ.

ದೊಡ್ಡ ವಿಕಿಗಳಲ್ಲಿ ಲೇಖನಗಳಿಗೆ ಗುಣಮಟ್ಟದ ದರ್ಜೆ, ಮಹತ್ವದ ದರ್ಜೆ ಎಂದು ಎರಡು ಬಗೆಯ ಗುರುತು ಹಾಕುತ್ತಾರೆ. ಗುಣಮಟ್ಟದ್ದು ಉಪಯೋಗಕ್ಕೆ ಬರುತ್ತದೆ. ಮಹತ್ವದ್ದನ್ನು ಸಣ್ಣ ತಂಡ ಕೈಬಿಡುವುದೇ ಒಳ್ಳೆಯದು. ವಾಟರ್ಲೂ ದೊಡ್ಡದೋ ಅಮೆರಿಕದ ಅಂತರ್ಯುದ್ಧದ ಗೆಟಿಸ್ಬರ್ಗ್ ದೊಡ್ಡದೋ ಎಂದು ಚರ್ಚೆ ಪುಟದಲ್ಲಿ ಸುಮ್ನೆ ವಾದ ಬೆಳೆಯುತ್ತದೆ.

ಲೆಕ್ಕ ಹಾಕುವಾಗಲೇ ಹೆಸರಿನ ಗೊಂದಲಗಳನ್ನೂ ಗುರುತಿಸಿ. ಸೀಲ್ಡ್ ನಾಟ್ ಎಂಬುದು 1650ರ ದಶಕದ ಒಂದು ರಾಜಪಕ್ಷದ ಗುಪ್ತಕೂಟದ ಹೆಸರು ಕೂಡ. 1968ರ ಸಂಘ ಆ ಹೆಸರನ್ನೇ ಇಟ್ಟುಕೊಂಡಿತು. ಎರಡಕ್ಕೂ ಬೇರೆ ಲೇಖನ, ಬೇರೆ ಶೀರ್ಷಿಕೆ ಬೇಕು. ಬೇರೆ ಬೇರೆ ಭಾಷೆಯ ಲೇಖನಗಳನ್ನು ಜೋಡಿಸುವ ವಿಕಿಡೇಟಾದಲ್ಲೂ ಯುದ್ಧಕ್ಕೊಂದು ಐಟಂ (ದಾಖಲೆ), ಅದರ ಮರುಅಭಿನಯಕ್ಕೆ ಇನ್ನೊಂದು. ಮರುಅಭಿನಯದ ಲೇಖನವನ್ನು ಯುದ್ಧದ ಐಟಂಗೆ ಜೋಡಿಸಿಬಿಟ್ಟರೆ, ಬೇರೆ ಭಾಷೆಯ ಓದುಗ ಯುದ್ಧದ ಬಗ್ಗೆ ಓದಲು ಕೊಂಡಿ ಒತ್ತಿ ನಿಮ್ಮ ಜಾತ್ರೆಗೆ ಬಂದು ನಿಲ್ಲುತ್ತಾನೆ.

ಹಂತ 4: "ನಾನೇ ಹೊಲಿದಿದ್ದೀನಿ, ನನಗೆ ಗೊತ್ತಿಲ್ವಾ?"

ಇದು ಎಲ್ಲಕ್ಕಿಂತ ಕಷ್ಟದ ಹಂತ. ಈ ವಿಷಯದಲ್ಲಿ ಹೆಚ್ಚು ತಿಳಿದವರು ಮರುಅಭಿನಯಕಾರರೇ. ಕೋಟಿನ ಗುಂಡಿ ಎಷ್ಟು, ಮಸ್ಕೆಟ್‌ಗೆ ಮದ್ದು ತುಂಬುವಾಗ ಯಾವ ಕೈ ಮೊದಲು, ಬೂಟಿನ ಹೊಲಿಗೆ ಹೇಗೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ತಂಡಕ್ಕೆ ಮೊದಲು ಸೇರುವವರೂ ಅವರೇ. ಆದರೆ ವಿಕಿಪೀಡಿಯ ಕೇಳುವುದು ಗೊತ್ತಿದೆಯಾ ಎಂದಲ್ಲ, ಎಲ್ಲಿ ಪ್ರಕಟವಾಗಿದೆ ಎಂದು. ಕೈಯಾರೆ ಮಾಡಿ ಕಲಿತದ್ದು ಎಷ್ಟೇ ನಿಜವಾಗಿದ್ದರೂ ಅಚ್ಚಾಗದಿದ್ದರೆ ಅದು ಅಲ್ಲಿ 'ಸ್ವಂತ ಸಂಶೋಧನೆ'. ಅದಕ್ಕೆ ಜಾಗ ಇಲ್ಲ.

ಬೇಜಾರಾಗುತ್ತದೆ, ನಿಜ. ಹಾಗಾಗಿ ಅವರ ತಿಳಿವಳಿಕೆಯನ್ನು ಬೇರೆ ಕಡೆ ಬಳಸಿಕೊಳ್ಳಿ. ಯಾವ ವಸ್ತುಸಂಗ್ರಹಾಲಯದ ಕ್ಯಾಟಲಾಗಿನಲ್ಲಿ ಆ ಕೋಟು ಇದೆ, ಯಾವ ಪುರಾತತ್ವ ಪತ್ರಿಕೆಯಲ್ಲಿ ಆ ಬೂಟಿನ ವರದಿ ಬಂದಿದೆ ಎಂಬುದು ಅವರಿಗೇ ಗೊತ್ತು. ಆಧಾರ ಹುಡುಕಿಸುವ ಕೆಲಸ ಅವರಿಗೆ ಕೊಡಿ. ತಪ್ಪು ಹಿಡಿಯಲು ಕೂಡ ಅವರೇ ಸರಿ.

ಸ್ವಂತ ಸಂಘದ ಬಗ್ಗೆ ಲೇಖನ ಬರೆಯಲು ಮಾತ್ರ ಬಿಡಬೇಡಿ. ಅದು ಹಿತಾಸಕ್ತಿಯ ಪ್ರಶ್ನೆ. ಸದಸ್ಯರು ತಮ್ಮ ಸದಸ್ಯ ಪುಟದಲ್ಲಿ "ನಾನು ಇಂಥ ಸಂಘದಲ್ಲಿದ್ದೇನೆ" ಎಂದು ಹೇಳಿಕೊಂಡು, ಬೇಕಾದ ತಿದ್ದುಪಡಿಯನ್ನು ಚರ್ಚೆ ಪುಟದಲ್ಲಿ ಸೂಚಿಸಲಿ. ಬೇರೆಯವರು ನೋಡಿ ಸೇರಿಸುತ್ತಾರೆ. ಹಣ ಪಡೆದು ಬರೆಯುವವರಾದರೆ ಅದನ್ನು ಬಹಿರಂಗಪಡಿಸುವುದು ವಿಕಿಮೀಡಿಯ ಬಳಕೆಯ ಷರತ್ತಿನಲ್ಲೇ ಇದೆ.

ಒಂದು ಸಂಘಕ್ಕೆ ಲೇಖನ ಸಲ್ಲುತ್ತದೆಯೇ ಎಂಬುದಕ್ಕೂ ಅದೇ ಅಳತೆ: ಸಂಘಕ್ಕೆ ಸಂಬಂಧವಿಲ್ಲದವರು, ನಂಬಬಹುದಾದ ಕಡೆ, ಸಾಕಷ್ಟು ವಿವರವಾಗಿ ಬರೆದಿದ್ದಾರೆಯೇ? "ಭಾನುವಾರ ಕೋಟೆ ಬಳಿ ಪ್ರದರ್ಶನವಿದೆ" ಎಂಬ ಎರಡು ಸಾಲಿನ ಸುದ್ದಿ ಹತ್ತು ಸಿಕ್ಕರೂ ಲೇಖನ ಆಗುವುದಿಲ್ಲ. ಹತ್ತೂ ಒಂದೇ ಪತ್ರಿಕಾ ಪ್ರಕಟಣೆಯಿಂದ ಇಳಿದಿರುತ್ತವೆ. ಅಂಥ ಸಂಘಗಳನ್ನು ಆ ಯುದ್ಧದ ಮರುಅಭಿನಯದ ಲೇಖನದಲ್ಲಿ ಒಂದು ಸಾಲಾಗಿ ಸೇರಿಸಿದರೆ ಸಾಕು.

ಹಂತ 5: ಚಿತ್ರದ ಅಡಿಬರಹ ಎರಡು ಸಲ ಓದಿ

1920ರ ನವೆಂಬರ್ 7ರಂದು, ರಷ್ಯಾದ ಅಕ್ಟೋಬರ್ ಕ್ರಾಂತಿಯ (ಹೊಸ ಪಂಚಾಂಗದಲ್ಲಿ ಅದು ನವೆಂಬರ್) ಮೂರನೇ ವರ್ಷಕ್ಕೆ, ಪೆಟ್ರೊಗ್ರಾಡ್‌ನಲ್ಲಿ ನಿಕೊಲಾಯ್ ಎವ್ರೆಯ್ನೊವ್ ನಿರ್ದೇಶನದಲ್ಲಿ ಚಳಿಗಾಲದ ಅರಮನೆಯ ಮೇಲಿನ ದಾಳಿಯನ್ನು ಸಾವಿರಾರು ಜನ ಸೇರಿ ಆಡಿ ತೋರಿಸಿದರು. ಅದೂ ಅದೇ ಅರಮನೆಯ ಮುಂದೆ. ಅಂದು ತೆಗೆದ ಒಂದು ಫೋಟೊ ಮುಂದೆ 1917ರ ನಿಜವಾದ ದಾಳಿಯ ಚಿತ್ರ ಎಂದೇ ಪುಸ್ತಕಗಳಲ್ಲಿ ಓಡಾಡಿತು. ನಿಜ ದಾಳಿ ನಡೆದದ್ದು ರಾತ್ರಿ. ಅಷ್ಟು ದೊಡ್ಡ ಜನಜಂಗುಳಿಯೂ ಅದರಲ್ಲಿ ಇರಲಿಲ್ಲ. ಆದರೂ ಆಡಿ ತೋರಿಸಿದ್ದೇ ನೆನಪಿನಲ್ಲಿ ಉಳಿಯಿತು.

ವಿಕಿಯಲ್ಲಿ ಈ ಅಪಾಯ ದಿನನಿತ್ಯದ್ದು. ರೋಮನ್ ಸೈನ್ಯದ ಫೋಟೊ ಯಾರಲ್ಲೂ ಇರಲು ಸಾಧ್ಯವಿಲ್ಲ, ಹಾಗಾಗಿ ಮರುಅಭಿನಯದ ಫೋಟೊವನ್ನೇ ರೋಮನ್ ಸೈನ್ಯದ ಲೇಖನಕ್ಕೆ ಹಾಕುತ್ತಾರೆ. ಹಾಕುವುದು ತಪ್ಪಲ್ಲ. "ರೋಮನ್ ಸೈನಿಕ" ಎಂದು ಬರೆದು ಬಿಟ್ಟುಬಿಡುವುದು ತಪ್ಪು. "ರೋಮನ್ ಸೈನಿಕನ ವೇಷದಲ್ಲಿ ಮರುಅಭಿನಯಕಾರ, ಇಂಥ ಊರು, ಇಂಥ ವರ್ಷ" ಎಂದಿರಬೇಕು. ತಂಡದ ಹೊಸಬರಿಗೆ ಮೊದಲ ಕೆಲಸವಾಗಿ ಇದನ್ನೇ ಕೊಡಿ: ಇರುವ ಲೇಖನಗಳ ಅಡಿಬರಹ ನೋಡಿ ಸರಿಪಡಿಸುವುದು. ಸುಲಭ, ಜಗಳ ಇಲ್ಲ, ಓದುಗರಿಗೆ ನೇರ ಲಾಭ.

ಹೊಸ ಫೋಟೊ ಹಾಕುವುದಾದರೆ ವಿಕಿಗಳ ಚಿತ್ರ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ. ಅಲ್ಲಿ ಹಾಕಿದ್ದು ಎಲ್ಲ ಭಾಷೆಯ ವಿಕಿಗಳಿಗೂ ಸಿಗುತ್ತದೆ. ಹಕ್ಕು ಕ್ಯಾಮೆರಾ ಹಿಡಿದವರದ್ದು, ಚಿತ್ರದಲ್ಲಿ ಇರುವವರದ್ದಲ್ಲ. ಇದು ಬಹಳ ಮಂದಿಗೆ ತಿಳಿದಿರುವುದಿಲ್ಲ. "ಇದು ನನ್ನದೇ ಫೋಟೊ" ಎಂದರೆ "ನಾನು ಇದರಲ್ಲಿದ್ದೇನೆ" ಎಂದೂ ಅರ್ಥವಾಗುತ್ತದೆ, ಅಲ್ವಾ? ತೆಗೆದವರು ಬೇರೆಯವರಾದರೆ ಅವರೇ ಇಮೇಲ್ ಮೂಲಕ ಅನುಮತಿ ಕಳಿಸಬೇಕು. 'ವಾಣಿಜ್ಯ ಬಳಕೆಗೆ ಅಲ್ಲ' ಎಂಬ ಷರತ್ತಿನ ಪರವಾನಗಿಯನ್ನು ಕಾಮನ್ಸ್ ಒಪ್ಪುವುದಿಲ್ಲ. ಇನ್ನು, ಮಕ್ಕಳ ಮುಖ ಹತ್ತಿರದಿಂದ ಕಾಣುವ ಚಿತ್ರಗಳನ್ನು ಹೆತ್ತವರನ್ನು ಕೇಳದೆ ಹಾಕಬೇಡಿ.

ಹಂತ 6: ಬರೆಯುವಾಗ

"ಪ್ರತಿ ವರ್ಷ ನಡೆಯುತ್ತದೆ", "ಇತ್ತೀಚೆಗೆ", "ಮುಂದಿನ ವರ್ಷ" ಎಂಬ ಮಾತುಗಳು ಬೇಗ ಹಳಸುತ್ತವೆ. ವರ್ಷ ಹಾಕಿ ಬರೆಯಿರಿ. ಭಾಗವಹಿಸಿದವರ ಸಂಖ್ಯೆಯನ್ನು ಯಾವತ್ತೂ "ಆಯೋಜಕರ ಪ್ರಕಾರ", "ಪತ್ರಿಕೆಯ ಪ್ರಕಾರ" ಎಂದು ಹೇಳಿಯೇ ಕೊಡಿ. ಜನ ಎಷ್ಟು ಸೇರಿದ್ದರು ಎಂಬುದರಲ್ಲಿ ಆಯೋಜಕರ ಲೆಕ್ಕ ಯಾವಾಗಲೂ ಸ್ವಲ್ಪ ಉದಾರ. ತಾರೀಖಿನ ವಿಷಯದಲ್ಲೂ ಎಚ್ಚರ: 1812ರ ಬೊರೊಡಿನೊ ಯುದ್ಧ ರಷ್ಯಾದ ಹಳೆಯ ಪಂಚಾಂಗದಲ್ಲಿ ಆಗಸ್ಟ್ 26, ಹೊಸದರಲ್ಲಿ ಸೆಪ್ಟೆಂಬರ್ 7. ಎರಡೂ ತಾರೀಖು ಆಧಾರಗಳಲ್ಲಿ ಸಿಗುತ್ತವೆ.

ಕೆಲವು ಕಡೆ ಗೆರೆ ತಾನಾಗಿಯೇ ಮಸುಕಾಗುತ್ತದೆ. 1863ರ ಗೆಟಿಸ್ಬರ್ಗ್ ಯುದ್ಧಕ್ಕೆ ಐವತ್ತು ವರ್ಷವಾದಾಗ, 1913ರ ಜುಲೈನಲ್ಲಿ, ಅಂದು ದಕ್ಷಿಣದ ದಳಪತಿ ಪಿಕೆಟ್‌ನ ದಾಳಿಯಲ್ಲಿ ನುಗ್ಗಿದ್ದ ಸೈನಿಕರು ಮುದುಕರಾಗಿ ಅದೇ ಕಲ್ಲುಗೋಡೆಯ ಕಡೆ ಮತ್ತೆ ನಡೆದರು. ಗೋಡೆಯ ಆಚೆ ನಿಂತಿದ್ದ ಉತ್ತರದವರು ಅವರ ಕೈ ಕುಲುಕಿದರು. ಇದು ಪುನರ್ಮಿಲನವೋ ಮರುಅಭಿನಯವೋ? ತಂಡ ಕೂತು ತೀರ್ಮಾನಿಸುವುದು ಬೇಡ. ಆಧಾರಗಳು ಏನೆಂದು ಕರೆದಿವೆಯೋ ಹಾಗೆ ಬರೆದು, ಎರಡು ಮಾತಿದ್ದರೆ ಎರಡನ್ನೂ ಕೊಡಿ.

ಬೇರೆ ಭಾಷೆಯ ವಿಕಿಯಿಂದ ಅನುವಾದಿಸಿದರೆ ಸಂಪಾದನೆಯ ಸಾರಾಂಶದಲ್ಲಿ ಮೂಲ ಲೇಖನದ ಕೊಂಡಿ ಹಾಕಿ. ಪರವಾನಗಿಯ ಪ್ರಕಾರ ಮೂಲ ಬರೆದವರಿಗೆ ಮನ್ನಣೆ ಸಲ್ಲಲೇಬೇಕು. ಯಂತ್ರಾನುವಾದವನ್ನು ಹಾಗೇ ಸುರಿದರೆ ಮಾತ್ರ, ತಿದ್ದುವ ಕೆಲಸ ಹೊಸದಾಗಿ ಬರೆಯುವುದಕ್ಕಿಂತ ಜಾಸ್ತಿ.

ಹಂತ 7: ನಡೆಸಿಕೊಂಡು ಹೋಗಲು

ಯುದ್ಧಗಳ ವಾರ್ಷಿಕ ದಿನಗಳನ್ನು ಯೋಜನೆ ಪುಟದಲ್ಲಿ ಕ್ಯಾಲೆಂಡರಿನಂತೆ ಹಾಕಿಕೊಳ್ಳಿ. ಆ ವಾರದಲ್ಲಿ ಸುದ್ದಿ ಬರುತ್ತದೆ, ಫೋಟೊ ಬರುತ್ತದೆ, ಲೇಖನ ಓದುವವರೂ ಹೆಚ್ಚುತ್ತಾರೆ, ಕಿಡಿಗೇಡಿಗಳೂ ಬರುತ್ತಾರೆ. ಮುಖ್ಯ ಲೇಖನಗಳನ್ನು ಕನಿಷ್ಠ ಇಬ್ಬರ ವೀಕ್ಷಣಾಪಟ್ಟಿಯಲ್ಲಿ (ಬದಲಾವಣೆಗಳನ್ನು ತೋರಿಸುವ ಪಟ್ಟಿ) ಇಡಿ. ಯಾರಾದರೂ ಹಠ ಹಿಡಿದು ಬದಲಿಸುತ್ತಿದ್ದರೆ ಮತ್ತೆ ಮತ್ತೆ ಹಿಂತಿರುಗಿಸಬೇಡಿ, ಚರ್ಚೆ ಪುಟಕ್ಕೆ ಕರೆಯಿರಿ.

ತಂಡ ಚದುರಿಹೋದರೆ ಯೋಜನೆ ಪುಟದ ಮೇಲೆ 'ನಿಷ್ಕ್ರಿಯ' ಎಂದು ಹಾಕಿ, ಬಾಕಿ ಕೆಲಸದ ಪಟ್ಟಿಯನ್ನು ಅಳಿಸದೆ ಹಾಗೇ ಬಿಡಿ. ಮುಂದೆ ಬರುವವರು ಎಗ್ಲಿಂಟನ್‌ನ ಆಧಾರ ಹುಡುಕುವಲ್ಲಿಂದಲೇ ಶುರು ಮಾಡಬಹುದು.