ಸಂಪಾಜೆ ಏರಿನಲ್ಲಿ ಸಿಕ್ಕಿಬಿದ್ದ ವ್ಯಾಕ್ಯೂಮ್ ಸೋರಿಕೆ: ನನ್ನ ಅನುಭವ

ಘಟ್ಟ ಹತ್ತುವಾಗ ಮಾತ್ರ ತೊಂದರೆ ಕೊಡುವ ಕಾರನ್ನು ಗ್ಯಾರೇಜಿನಲ್ಲಿ ನಿಲ್ಲಿಸಿಕೊಂಡು ಪರೀಕ್ಷಿಸಿದರೆ ಪ್ರಯೋಜನವಿಲ್ಲವೆಂದು ನಾನು ಮೂರು ವರ್ಷ ಹೇಳುತ್ತಲೇ ಬಂದೆ. ಯಾರೂ ಒಪ್ಪಿರಲಿಲ್ಲ. ಈ ಸಲದ ಕಕ್ಕಡದ (ಕೊಡಗಿನ ಜುಲೈ-ಆಗಸ್ಟ್ ತಿಂಗಳ) ಮಳೆಯಲ್ಲಿ ಅದು ರುಜುವಾತಾಯಿತು.

ನನ್ನದು 1996ರ ಜರ್ಮನ್ ಪೆಟ್ರೋಲ್ ಕಾರು. ಡ್ಯಾಶ್‌ಬೋರ್ಡಿನೊಳಗೆ ಗಾಳಿಯ ದಿಕ್ಕು ಬದಲಿಸುವ ಫ್ಲಾಪುಗಳು, ಎಂಜಿನ್ ಗಾಳಿ ಎಳೆದುಕೊಳ್ಳುವ ಕೊಳವೆಯಾದ ಮ್ಯಾನಿಫೋಲ್ಡಿನ ಹೀರುವಿಕೆ, ಅಂದರೆ ವ್ಯಾಕ್ಯೂಮ್‌ನಿಂದ ನಡೆಯುತ್ತವೆ. ಅದು ಕೈಕೊಟ್ಟರೆ ಸ್ಪ್ರಿಂಗಿನ ಎಳೆತಕ್ಕೆ ಗಾಳಿಯೆಲ್ಲ ಮುಂದಿನ ಗಾಜಿಗೆ ಹೋಗುತ್ತದೆ. ಮಂಗಳೂರಿನ ಸೆಕೆಯಲ್ಲಿ ಎ.ಸಿ. ಹಾಕಿಕೊಂಡು ಹೊರಟು, ಸುಳ್ಯ ದಾಟಿ ಸಂಪಾಜೆಯಿಂದ ಮಡಿಕೇರಿಯ ಕಡೆಗೆ ಘಟ್ಟ ಏರತೊಡಗಿದೊಡನೆ ಮುಖಕ್ಕೆ ಬರುತ್ತಿದ್ದ ತಂಪು ಗಾಳಿ ನಿಂತು ಗಾಜಿಗೆ ಬಡಿಯುತ್ತಿತ್ತು; ಗಾಜು ತಣ್ಣಗಾಗಿ, ಮಳೆಗಾಲದ ತೇವಕ್ಕೆ ಅದರ ಹೊರಮೈ ಮಬ್ಬುಗಟ್ಟಿ, ವೈಪರ್ ಹಾಕದೆ ತಿರುವುಗಳೇ ಕಾಣುತ್ತಿರಲಿಲ್ಲ. ಡಿಸೆಂಬರಿನಲ್ಲಿ ಹೀಟರ್ ಹಾಕಿದರೂ ಏರಿನಲ್ಲಿ ಕಾಲಿಗೆ ಬಿಸಿ ತಲಪುತ್ತಿರಲಿಲ್ಲ.

ಮೊದಲ ಗ್ಯಾರೇಜಿನಲ್ಲಿ ಕಂಟ್ರೋಲ್ ಪ್ಯಾನೆಲ್ ಬದಲಿಸಿ ಸುಮಾರು 14 ಸಾವಿರ ತೆಗೆದುಕೊಂಡರು. ಎರಡನೆಯ ಕಡೆ ಡ್ಯಾಶ್‌ಬೋರ್ಡ್ ಬಿಚ್ಚಿ ಎರಡು ಡಯಾಫ್ರಾಮ್ (ವ್ಯಾಕ್ಯೂಮ್ ಸಿಕ್ಕಾಗ ಫ್ಲಾಪನ್ನು ಎಳೆಯುವ ರಬ್ಬರ್ ಪೊರೆ) ಹಾಕಿ 9 ಸಾವಿರ ಪಡೆದರು. ಮುರಿದ ಕ್ಲಿಪ್ಪುಗಳ ಕಿರುಗುಟ್ಟುವಿಕೆ ಇಂದಿಗೂ ಉಳಿದಿದೆ. ಮಡಿಕೇರಿಯಲ್ಲಿ ಒಬ್ಬ ಮೆಕ್ಯಾನಿಕ್ ವ್ಯಾಕ್ಯೂಮ್ ಅಳೆಯುವ ಗೇಜ್ ಹಾಕಿ, ಐಡಲಿನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) 15 ಇಂಚು (ಪಾದರಸದ ಅಳತೆ) ಮಾತ್ರ ತೋರಿಸುತ್ತಿದೆ, ಪಿಸ್ಟನ್ ರಿಂಗ್ ಸವೆದಿವೆ, ಎಂಜಿನ್ ಬಿಚ್ಚಲೇಬೇಕು ಎಂದರು. ಇದೇ ಎಂಜಿನ್, ಇದೇ ಗೇಜ್ ಮಂಗಳೂರಿನಲ್ಲಿ 19 ತೋರಿಸುತ್ತದೆ. ಸಾವಿರ ಅಡಿ ಮೇಲೇರಿದರೆ ಸುಮಾರು ಒಂದು ಇಂಚು ಇಳಿಯುವುದು ಸಹಜ. ಮಡಿಕೇರಿ ಇರುವುದೇ ಸುಮಾರು 3,800 ಅಡಿ ಎತ್ತರದಲ್ಲಿ. ಕೊಡಗಿನಲ್ಲಿ ಹಳೆಯ ಕಾರು ಇಟ್ಟುಕೊಂಡವರು ಈ ಇಳಿಕೆಯನ್ನು ಲೆಕ್ಕಕ್ಕೆ ಹಿಡಿಯದೆ ಗೇಜನ್ನು ನಂಬಬಾರದು.

ಕೊನೆಗೆ, ಆಕ್ಸಿಲರೇಟರ್ ಒತ್ತಿ ಮ್ಯಾನಿಫೋಲ್ಡಿನ ಎಳೆತ ಕುಸಿದಾಗ ಗಾಳಿ ಹಿಂದಕ್ಕೆ ನುಗ್ಗದಂತೆ ತಡೆಯುವ ಏಕಮುಖ ಚೆಕ್ ವಾಲ್ವಿನ ಆಚೆಗೆ, ಡ್ಯಾಶ್‌ಬೋರ್ಡಿಗೆ ಹೋಗುವ ಪೈಪಿಗೆ ಒಂದು ಟೀ (ಮೂರು ಬಾಯಿಯ ಜೋಡಣೆ) ಹಾಕಿ, ದಪ್ಪ ಗೋಡೆಯ ರಬ್ಬರ್ ಪೈಪನ್ನು ಬಾನೆಟ್ ಸಂದಿಯಿಂದ ಕಿಟಕಿಯೊಳಕ್ಕೆ ತಂದು ಗೇಜನ್ನು ಭಾವನ ಕೈಗೆ ಕೊಟ್ಟೆ. ಸಂಪಾಜೆ ಏರಿನಲ್ಲಿ ಎರಡನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ, ಇದ್ದಲ್ಲೇ ನಿಲ್ಲಬೇಕಿದ್ದ ಮುಳ್ಳು ಹತ್ತು ಸೆಕೆಂಡಿನೊಳಗೆ ನಾಲ್ಕಕ್ಕೆ ಇಳಿಯಿತು. ಮನೆಗೆ ಬಂದು ವಾಲ್ವ್ ಕಳಚಿ, ಡ್ಯಾಶ್‌ಬೋರ್ಡಿನ ಕಡೆಗೆ ಕೈಪಂಪಿನಿಂದ ಎಳೆದರೆ ಐದು ನಿಮಿಷವಾದರೂ 15 ಇಂಚು ಕದಲಲಿಲ್ಲ; ಅಂದರೆ ಆ ಕಡೆ ಸೋರಿಕೆಯಿಲ್ಲ. ವಾಲ್ವಿಗೆ ಬಾಯಿಟ್ಟು ಊದಿದರೆ ಎರಡೂ ಕಡೆಯಿಂದ ಉಸಿರು ಹಾದುಹೋಯಿತು. ಐಡಲಿನಲ್ಲಿ ಮ್ಯಾನಿಫೋಲ್ಡ್ ಸತತವಾಗಿ ಎಳೆಯುತ್ತಲೇ ಇರುವುದರಿಂದ ಈ ದೋಷ ಅಲ್ಲಿ ಯಾರಿಗೂ ಕಾಣಲು ಸಾಧ್ಯವಿರಲಿಲ್ಲ.

ಹೊಸ ವಾಲ್ವ್ ಬರುವತನಕ ಮೀನಿನ ತೊಟ್ಟಿಯ ವಾಲ್ವ್ ಮತ್ತು ಪೈಪ್ ಹಾಕಿ ನೋಡಿದೆ. ಪೈಪ್ ಎಂಜಿನ್ ಶಾಖಕ್ಕೆ ಮೆತ್ತಗಾಗಿ ಚಪ್ಪಟೆಯಾಯಿತು. ವಾಲ್ವಿನ ರಬ್ಬರ್ ಎರಡು ವಾರದಲ್ಲಿ ಉಬ್ಬಿಕೊಂಡಿತು. ಒಂದಡಿ ಪಿ.ವಿ.ಸಿ. ಪೈಪಿನ ಎರಡೂ ತುದಿಗೆ ಕ್ಯಾಪ್ ಅಂಟಿಸಿ ಮಾಡಿದ, ವ್ಯಾಕ್ಯೂಮ್ ಕೂಡಿಟ್ಟುಕೊಳ್ಳುವ ಡಬ್ಬಿ ಮಾತ್ರ ಹೊಸ ವಾಲ್ವಿನೊಂದಿಗೆ ಸೊಗಸಾಗಿ ಕೆಲಸ ಮಾಡುತ್ತಿದೆ. ಒಣಗಿ ಗರಿಗರಿಯಾದ ಪ್ಲಾಸ್ಟಿಕ್ ಪೈಪನ್ನು ಮುರಿಯದೆ ಹೊಸ ರಬ್ಬರಿಗೆ ಸೇರಿಸುವುದಕ್ಕೂ, ಕಾಫಿ ಕಣದ ಇಲಿಗಳು ಅದನ್ನು ಮುಟ್ಟದಂತೆ ನೋಡಿಕೊಳ್ಳುವುದಕ್ಕೂ ಒಂದೊಂದು ಉಪಾಯ ಕಂಡುಕೊಂಡಿದ್ದೇನೆ. ಸದ್ಯಕ್ಕೆ ಅವು ನನ್ನಲ್ಲೇ ಇರಲಿ.

ವಾಲ್ವಿಗೆ 450, ರಬ್ಬರ್ ಪೈಪಿಗೆ 200 ರೂಪಾಯಿ ಆಗಿರಬಹುದು. ಆಮೇಲೆ ಆರೇಳು ಬಾರಿ ಸಂಪಾಜೆ ಹತ್ತಿದ್ದೇನೆ. ಮುಳ್ಳು ಹನ್ನೆರಡರ ಕೆಳಗೆ ಇಳಿದಿಲ್ಲ. ಗೇಜನ್ನು ಮುಂದಿನ ಮಳೆಗಾಲದವರೆಗೂ ಕಾರಿನಿಂದ ತೆಗೆಯುವುದಿಲ್ಲ.