ನೂರು ಕೆಜಿ ದಾಟಿದವನಿಗೆ ಹಗುರ ಚಕ್ರ

ನನ್ನ ತೂಕ 110 ಕೆಜಿ ಆಸುಪಾಸು. ಸೈಕಲ್, ಬ್ಯಾಗು, ನೀರು ಎಲ್ಲ ಸೇರಿದರೆ 130ರ ಹತ್ತಿರ. ಇಷ್ಟು ಭಾರ ಹೊತ್ತು ಕಲ್ಲು, ಬೇರು, ಮೇಲಿಂದ ಕೆಳಕ್ಕೆ ಧುಮುಕುವ ಸಣ್ಣಪುಟ್ಟ ಡ್ರಾಪ್ ಎಲ್ಲ ದಾಟುವ ನನ್ನ ಮೌಂಟನ್ ಬೈಕಿನ 29 ಇಂಚಿನ ಚಕ್ರದ ಜೋಡಿ 1,900 ಗ್ರಾಂ ಚಿಲ್ಲರೆ ತೂಗುತ್ತದೆ. ಕಟ್ಟಿ ವರ್ಷಗಳಾದವು, ಇನ್ನೂ ಒಂದು ಸ್ಪೋಕ್ ಮುರಿದಿಲ್ಲ. ಕಟ್ಟುವಾಗ ಗೊತ್ತಿದ್ದವರೆಲ್ಲ ನಕ್ಕಿದ್ದರು. "ನಿಮ್ಮ ತೂಕಕ್ಕೆ 1.5 ಮಿ.ಮೀ. ಸ್ಪೋಕಾ? ಅದರ ಬದಲು ಹಲ್ಲುಕಡ್ಡಿ ಹಾಕಿಕೊಳ್ಳಿ ಸಾರ್" ಅಂದಿದ್ದರು ಒಬ್ಬ ಮೆಕ್ಯಾನಿಕ್. ಈಗ ದಪ್ಪಗಿರುವ ಸವಾರರು ಬಂದರೆ ಅವರೇ ನನ್ನ ಹತ್ತಿರ ಕಳಿಸುತ್ತಾರೆ.

ಮೊದಲು ಮುರಿದದ್ದರ ಲೆಕ್ಕ ಹೇಳಿಬಿಡುತ್ತೇನೆ. ಸೈಕಲ್ ಜೊತೆಗೇ ಬಂದ ಚಕ್ರದಲ್ಲಿ 28 ಸ್ಪೋಕ್ ಇದ್ದವು. ಹಿಂದಿನ ಚಕ್ರದ ಎಡಗಡೆ, ಹಬ್ (ಚಕ್ರದ ನಡುವಿನ ಗುಂಬ) ಹತ್ತಿರ ಸ್ಪೋಕ್ ಬಾಗುವ ಜಾಗದಲ್ಲೇ ಪಟ್ ಅಂತ ಹೋಗುತ್ತಿತ್ತು. ಒಂದು ಹಾಕಿಸಿದರೆ ಪಕ್ಕದ್ದು ಹೋಗುವುದು. ಪ್ರತಿ ಸಲ ಸ್ಪೋಕ್ ದುಡ್ಡು, ಕೂಲಿ, ಮೇಲೆ ಅರ್ಧ ದಾರಿಯಿಂದ ತಳ್ಳಿಕೊಂಡು ಬರುವ ಕರ್ಮ. ಮೂರ್ನಾಲ್ಕು ಮುರಿದ ಮೇಲೆ ಉಳಿದವೂ ಅಷ್ಟೇ ದಣಿದಿರುತ್ತವೆ. ಬಿಡಿಬಿಡಿಯಾಗಿ ಬದಲಿಸುವುದು ಸುಮ್ನೆ ದಂಡ.

ಆಮೇಲೆ ಎಲ್ಲರೂ ಹೇಳಿದ್ದನ್ನೇ ಕೇಳಿ ಬಲವಾದ ಚಕ್ರ ತಂದೆ. 36 ಸ್ಪೋಕ್, ಉದ್ದಕ್ಕೂ ಒಂದೇ 2 ಮಿ.ಮೀ. ದಪ್ಪ, ಗಟ್ಟಿ ರಿಮ್. ಜೋಡಿಯ ತೂಕ 2,500 ದಾಟಿತ್ತು. ಏರು ಹತ್ತುವಾಗ ಪ್ರಾಣ ಹೋಗುತ್ತಿತ್ತು. ಅದರಲ್ಲೂ ಎಡಗಡೆ ಸ್ಪೋಕ್ ಮುರಿಯಿತು ನೋಡಿ, ಆವಾಗ ತಲೆ ಓಡಿತು. ಸ್ಪೋಕ್ ಬಿಗಿ ಅಳೆಯುವ ಟೆನ್ಷನ್ ಮೀಟರ್ ಎರವಲು ತಂದು ಹಿಡಿದರೆ ಬಲಗಡೆ ಕೆಲವು 90 ಕೆಜಿ, ಕೆಲವು 130. ಎಡಗಡೆ ಒಂದೆರಡು ನಲವತ್ತಕ್ಕೂ ಕೆಳಗೆ. ರಿಮ್ ಮಾತ್ರ ಬೆಂಡಿಲ್ಲದೆ ನೆಟ್ಟಗೆ ತಿರುಗುತ್ತಿತ್ತು! ಮೆಷಿನ್ನಿನಲ್ಲಿ ಕಟ್ಟಿ, ಬೆಂಡು ತೆಗೆದು, ಬಿಗಿ ನೋಡದೆ ಡಬ್ಬಕ್ಕೆ ತುಂಬಿದ ಮಾಲು.

ಮೂರನೆಯದು ಕಾರ್ಬನ್. ಅರ್ಧ ಸೈಕಲ್ಲಿನ ದುಡ್ಡು ಅದಕ್ಕೇ ಹೋಯಿತು. ಓಡಿಸಲು ಭಾರಿ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಒಂದು ಚೂಪು ಕಲ್ಲಿಗೆ ಹಿಂದಿನ ರಿಮ್ ಬಿರುಕು ಬಿಟ್ಟಿತು. ವಾರಂಟಿ ಕೇಳಿದರೆ, ಈ ಚಕ್ರದ ಮಿತಿ 120 ಕೆಜಿ, ಅದು ಸವಾರ, ಸೈಕಲ್, ಸಾಮಾನು ಎಲ್ಲ ಸೇರಿ ಅಂದರು. ಹಾಗಾಗಿ ಚಕ್ರ ಕೊಳ್ಳುವಾಗ ಎರಡು ಅಂಕಿ ಒಟ್ಟಿಗೆ ನೋಡಿ. ಒಂದು ಈ ಒಟ್ಟು ತೂಕದ ಮಿತಿ. ಇನ್ನೊಂದು ಎಎಸ್‌ಟಿಎಂ ವರ್ಗ, ಅಂದರೆ ಚಕ್ರ ಎಂಥ ಓಡಾಟಕ್ಕೆ ತಕ್ಕದ್ದು ಅಂತ ಹೇಳುವ ಮಾನದಂಡದ ಅಂಕಿ. 3 ಅಂದರೆ 61 ಸೆಂ.ಮೀ.ವರೆಗಿನ ಡ್ರಾಪ್, 4 ಅಂದರೆ 122 ಸೆಂ.ಮೀ.ವರೆಗೆ. ಅಂಗಡಿಯವರು ಚಕ್ರದ ಗ್ರಾಂ ಮಾತ್ರ ಹೇಳುತ್ತಾರೆ, ಇವೆರಡನ್ನು ನಾವೇ ಕೇಳಬೇಕು.

ನಾಲ್ಕನೆಯದನ್ನು ನಾನೇ ಕಟ್ಟಿದೆ. ಮುಂದೆ ಹಿಂದೆ ಒಂದೇ ಥರದ ಚಕ್ರ ಬೇಕು ಅನ್ನುವುದನ್ನು ಮೊದಲು ಬಿಟ್ಟೆ. ಏಟು ತಿನ್ನುವುದು ಹಿಂದಿನದು. ಮುಂದಿನದಕ್ಕೆ ಏಟು ನುಂಗುವ ಫೋರ್ಕ್ ಇದೆ, ಕೈಕಾಲು ಬಾಗಿಸಿ ತಪ್ಪಿಸುವ ಅವಕಾಶವೂ ಇದೆ. ಅದಕ್ಕೆ ಹಿಂದೆ 560 ಗ್ರಾಂ ಹತ್ತಿರದ ಅಲ್ಯೂಮಿನಿಯಂ ರಿಮ್, ಮುಂದೆ 470ರದ್ದು. ಎರಡರ ಒಳಗಲ ಸುಮಾರು 30 ಮಿ.ಮೀ., ಎರಡಕ್ಕೂ 32 ಸ್ಪೋಕ್. ಹಿಂದಿನ ರಿಮ್‌ನಲ್ಲಿ ಸ್ಪೋಕ್ ತೂತುಗಳು ನಡುವಿನಲ್ಲಿಲ್ಲ, ಒಂದು ಪಕ್ಕಕ್ಕೆ ಸರಿದಿವೆ. ಅದರಿಂದ ಕಡಿಮೆ ಇರುವ ಎಡಗಡೆ ಬಿಗಿ, ಗೇರ್ ಇರುವ ಬಲಗಡೆಗೆ ಹತ್ತಿರ ಬರುತ್ತದೆ. ದಪ್ಪ ಸವಾರನಿಗೆ ನಾಲ್ಕು ಸ್ಪೋಕ್ ಜಾಸ್ತಿ ಹಾಕುವುದಕ್ಕಿಂತ ಇದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ರಿಮ್ ಹೆಸರು ಕೇಳಬೇಡಿ, ಮಾಡೆಲ್ ಬದಲಾಗುತ್ತಲೇ ಇರುತ್ತದೆ.

ಈಗ ಜಗಳದ ವಿಷಯ, ಸ್ಪೋಕ್. ಹಿಂದಿನ ಬಲಗಡೆಗೆ 2.0-1.8-2.0 ಹಾಕಿದೆ. ಎಡಗಡೆಗೆ 2.0-1.5-2.0. ಮುಂದೆ ಡಿಸ್ಕ್ ಬ್ರೇಕ್ ಇರುವ ಕಡೆ 1.8, ಆ ಕಡೆ 1.5. ಎರಡೂ ತುದಿ 2 ಮಿ.ಮೀ.ನವೇ, ಸಣ್ಣ ಇರುವುದು ನಡುವೆ ಮಾತ್ರ. ಮುರಿಯುವುದು ನಡುವೆ ಅಲ್ಲ, ಬಾಗಿದ ಜಾಗದಲ್ಲಿ ಅಥವಾ ಥ್ರೆಡ್‌ನ ಬುಡದಲ್ಲಿ ಅಲ್ವಾ? ಚಕ್ರ ಉರುಳುವಾಗ ನೆಲದ ಕಡೆ ಬಂದ ಸ್ಪೋಕ್‌ಗಳ ಬಿಗಿ ಪ್ರತಿ ಸುತ್ತಿಗೂ ಇಳಿಯುತ್ತದೆ. ನನ್ನಂಥವರು ಕೂತರೆ ಜಾಸ್ತಿ ಇಳಿಯುತ್ತದೆ. ಪೂರ್ತಿ ಸಡಿಲಾಗಿ ಮತ್ತೆ ಸೆಳೆತಕ್ಕೆ ಸಿಕ್ಕುವ ಸ್ಪೋಕ್ ಬೇಗ ಸಾಯುತ್ತದೆ. ನಡು ಸಣ್ಣ ಇದ್ದರೆ ಅಷ್ಟೇ ಬಿಗಿಗೆ ಜಾಸ್ತಿ ಹಿಗ್ಗಿಕೊಂಡಿರುತ್ತದೆ, ಹಾಗಾಗಿ ರಿಮ್ ಸ್ವಲ್ಪ ಒತ್ತಿದರೂ ಪೂರ್ತಿ ಸಡಿಲಾಗುವುದಿಲ್ಲ. ಬಿಗಿ ಕಡಿಮೆ ಇರುವ ಎಡಗಡೆಗೇ ಸಣ್ಣ ಸ್ಪೋಕ್ ಹಾಕಿದ್ದು ಇದಕ್ಕೆ. ದಪ್ಪ ಸ್ಪೋಕ್ ಹಾಕಿದ 36ರ ಚಕ್ರ ಎಲ್ಲಿ ಮುರಿಯಿತೋ ಅಲ್ಲೇ ಇದು ನಿಂತಿದೆ. ಮೇಲೆ, ಉದ್ದಕ್ಕೂ 2 ಮಿ.ಮೀ. ಇರುವ ಸ್ಪೋಕ್‌ಗೆ ಹೋಲಿಸಿದರೆ ಜೋಡಿಗೆ 120 ಗ್ರಾಂ ಉಳಿಯಿತು.

ಸಣ್ಣ ಸ್ಪೋಕ್‌ನ ಕಾಟ ಒಂದೇ, ತಿರುಚಿಕೊಳ್ಳುವುದು. ಸ್ಪೋಕನ್ನು ರಿಮ್‌ಗೆ ಬಿಗಿಯುವ ಸಣ್ಣ ನಟ್, ಅಂದರೆ ನಿಪ್ಪಲ್ ತಿರುಗಿಸಿದರೆ ಥ್ರೆಡ್ ಏರುವ ಬದಲು ಸ್ಪೋಕೇ ತಿರುಗುತ್ತದೆ. ಸ್ಟ್ಯಾಂಡಿನಲ್ಲಿ ಬೆಂಡಿಲ್ಲದ ಚಕ್ರ ಮೊದಲ ಇಳಿಜಾರಿನಲ್ಲಿ ಟಿಣ್ ಟಿಣ್ ಅಂತ ಬಿಚ್ಚಿಕೊಂಡು ಹಾವಿನ ಹಾಗೆ ಓಡಾಡುತ್ತದೆ. ನಾನು ಪ್ರತಿ ಸ್ಪೋಕ್ ಮೇಲೂ ಮಾರ್ಕರ್ ಪೆನ್ನಿನಲ್ಲಿ ಉದ್ದಕ್ಕೆ ಗೆರೆ ಎಳೆದೆ. ಗೆರೆ ಎಷ್ಟು ತಿರುಗಿತೋ ಅಷ್ಟು ಜಾಸ್ತಿ ತಿರುಗಿಸಿ ವಾಪಸ್ ಬಿಡುವುದು. ಥ್ರೆಡ್‌ಗೆ ಎಣ್ಣೆ ಬೇಕೇ ಬೇಕು. ನಾನು ಕುದಿಸಿದ ಅಗಸೆ ಎಣ್ಣೆ ಹಾಕುತ್ತೇನೆ. ಕಟ್ಟುವಾಗ ಜಾರುತ್ತದೆ, ಒಣಗಿದ ಮೇಲೆ ಹಿಡಿದುಕೊಳ್ಳುತ್ತದೆ.

ನಿಪ್ಪಲ್ ಪೂರ್ತಿ ಹಿತ್ತಾಳೆಯವು. ಅಲ್ಯೂಮಿನಿಯಂ ಹಾಕಿದ್ದರೆ ಇನ್ನೊಂದು 40 ಗ್ರಾಂ ಉಳಿಯುತ್ತಿತ್ತು. ರಿಮ್ ಟೇಪ್ ಸೋರಿ, ಪಂಕ್ಚರ್ ಮುಚ್ಚುವ ಸೀಲೆಂಟ್ ದ್ರವ ಒಳಗೆ ಹೋದಾಗ ಅವು ಪುಡಿಯಾಗಿದ್ದನ್ನು ಬೇರೆಯವರ ಚಕ್ರ ಬಿಚ್ಚುವಾಗ ಕಂಡಿದ್ದೇನೆ. ಆ 40 ಗ್ರಾಂ ನನಗೆ ಬೇಡ.

ಹಿಂದಿನ ಬಲಗಡೆ 115ರಿಂದ 120 ಕೆಜಿ ಬಿಗಿ, ಎಡಗಡೆ 75–80ರ ಮಧ್ಯೆ ಬಂತು. ಮುಂದೆ ಡಿಸ್ಕ್ ಕಡೆ 110. ನಿಮ್ಮ ರಿಮ್ ಎಷ್ಟು ತಡೆಯುತ್ತದೆ ಅಂತ ಅದರ ಕಾಗದದಲ್ಲೇ ಇರುತ್ತದೆ, ಅದನ್ನು ದಾಟಬೇಡಿ. ಟೈರ್ ಹಾಕಿ ಗಾಳಿ ತುಂಬಿದ ಮೇಲೆ ಬಿಗಿ ಇಳಿಯುತ್ತದೆ. ಬಿಗಿ ಕೂರುವ ಟ್ಯೂಬ್‌ಲೆಸ್ ಟೈರಾದರೆ ಚೆನ್ನಾಗೇ ಇಳಿಯುತ್ತದೆ. ಆಮೇಲೆ ಎಡಗಡೆಗೆ ನಾನು ಎಷ್ಟು ಸೇರಿಸುತ್ತೇನೆ, ಸ್ಪೋಕ್ ಸರಿಯಾಗಿ ಕೂರಲಿ ಅಂತ ಜೋಡಿಗಳನ್ನು ಕೈಯಲ್ಲಿ ಹಿಂಡುವುದನ್ನು ಯಾವ ಹಂತದಲ್ಲಿ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅಷ್ಟು ನನಗಿರಲಿ. ಹಿಂಡಲೇಬೇಕು ಅನ್ನುವುದು ಮಾತ್ರ ನಿಜ. ಒಂದೇ ಸಲ ಸಾಕಾಗುವುದಿಲ್ಲ.

ಹಬ್‌ಗೆ ಜಾಸ್ತಿ ದುಡ್ಡು ಸುರಿದೆ. ಡಿಟಿ ಸ್ವಿಸ್ 350, ಬೂಸ್ಟ್ ಅನ್ನುವ ಅಗಲದ ಅಳತೆಯದು, ಹಿಂದೆ 148 ಮಿ.ಮೀ., ಮುಂದೆ 110. ಭಾರದವನು ಸಣ್ಣ ಗೇರಿನಲ್ಲಿ ನಿಂತು ತುಳಿದರೆ ಗೇರಿನ ಹಲ್ಲುಚಕ್ರಗಳು ಕೂರುವ ಫ್ರೀಹಬ್ ಮೇಲೆ ಬೀಳುವ ಸೆಳೆತ ಗೊತ್ತಲ್ಲ. ಇದರಲ್ಲಿ ಹಲ್ಲಿನ ಬಿಲ್ಲೆಗಳೆರಡು ಎದುರುಬದುರು ಕೂರುತ್ತವೆ, ಎಲ್ಲ ಹಲ್ಲೂ ಒಟ್ಟಿಗೆ ಹಿಡಿಯುತ್ತವೆ. ನನ್ನದರಲ್ಲಿ ಮೊದಲು 18 ಹಲ್ಲಿನದಿತ್ತು, 36ರದು ಹಾಕಿದೆ. 54ರದೂ ಸಿಗುತ್ತದೆ. ಹಲ್ಲು ಜಾಸ್ತಿಯಾದಷ್ಟು ಒಂದೊಂದೂ ಸಣ್ಣದಾಗುತ್ತದಲ್ಲ, ಅದಕ್ಕೆ ನನಗೆ ಧೈರ್ಯ ಬರಲಿಲ್ಲ. ಒಟ್ಟು ಖರ್ಚಿನಲ್ಲಿ ಅರ್ಧದಷ್ಟು ಹಬ್‌ಗಳಿಗೆ, ಕಾಲು ಭಾಗ ರಿಮ್‌ಗೆ, ಉಳಿದದ್ದು ಸ್ಪೋಕ್, ನಿಪ್ಪಲ್, ಟೇಪು ಅಂತ ನೆನಪು. ಆ ಕಾರ್ಬನ್ ಜೋಡಿಗೆ ಕೊಟ್ಟದ್ದರ ಅರ್ಧವೂ ಆಗಲಿಲ್ಲ. ಟೆನ್ಷನ್ ಮೀಟರ್ ಬೇರೆ ಕೊಂಡೆ, ಅದು ಒಂದು ಜೋಡಿ ಒಳ್ಳೆ ಟೈರಿಗಿಂತ ಕಡಿಮೆಗೆ ಬಂತು.

ನಡುವೆ ಕೆಲವು ಆಟ ಆಡಿದೆ. ಸ್ಪೋಕ್ ಮೀಟಿ, ಮೊಬೈಲಿನ ಶ್ರುತಿ ಆ್ಯಪಿನಲ್ಲಿ ಸ್ವರ ನೋಡುವುದು. ಒಂದೇ ಉದ್ದ, ಒಂದೇ ದಪ್ಪದ ಸ್ಪೋಕ್‌ಗಳು ಒಂದೇ ಸ್ವರ ಕೊಟ್ಟರೆ ಬಿಗಿಯೂ ಒಂದೇ. ಅರ್ಧ ಸ್ವರ ತಪ್ಪಿದರೆ ಬಿಗಿಯಲ್ಲಿ ಸುಮಾರು 12 ಶೇಕಡಾ ವ್ಯತ್ಯಾಸ. ಮೀಟರ್ ಇಲ್ಲದವರು ಖಂಡಿತ ಮಾಡಿ ನೋಡಿ. ಒಂದೊಂದು ಸಲ ಮೀಟರ್‌ಗಿಂತ ಕಿವಿಯೇ ಬೇಗ ಹೇಳುತ್ತದೆ. ಹಳಬರ ಹಾಗೆ ಸ್ಪೋಕ್ ದಾಟುವ ಜಾಗದಲ್ಲಿ ತಂತಿ ಸುತ್ತಿ ಬೆಸುಗೆ ಹಾಕಿಯೂ ನೋಡಿದೆ. ಏನೂ ವ್ಯತ್ಯಾಸ ಗೊತ್ತಾಗಲಿಲ್ಲ, ಕೈ ಸುಟ್ಟುಕೊಂಡದ್ದಷ್ಟೇ ಬಂತು. ಟೈರ್ ಒಳಗಿನ ಫೋಮ್ ಇನ್ಸರ್ಟ್ ಹಿಂದೆ ಮಾತ್ರ ಹಾಕಿದೆ. ರಿಮ್ ಉಳಿಯುತ್ತದೆ, ಆದರೆ ಅದೊಂದೇ 250 ಗ್ರಾಂ. ಇಷ್ಟು ಕಷ್ಟಪಟ್ಟು ಉಳಿಸಿದ್ದು ಒಂದೇ ಏಟಿಗೆ ವಾಪಸ್. ತೆಗೆದು ಹಿಂದಕ್ಕೆ ದಪ್ಪ ಪದರದ 2.4 ಇಂಚಿನ ಟೈರ್ ಹಾಕಿದೆ. ಗಾಳಿ ಹಿಂದೆ 29-30 ಪಿಎಸ್‌ಐ, ಮುಂದೆ 24-25. ತೂಕದವರು ಹಗುರ ಸವಾರರ ಮಾತು ಕೇಳಿ 22ಕ್ಕೆ ಇಳಿಸಿದರೆ ಯಾವ ರಿಮ್ಮೂ ಉಳಿಯುವುದಿಲ್ಲ.

ಇಷ್ಟಾದರೂ ಹಿಂದಿನ ರಿಮ್ ತಗ್ಗು ಬೀಳುತ್ತದೆ, ಈಗಲೂ ಎರಡು ಕಡೆ ಬಿದ್ದಿದೆ. ನಾನು ಅದನ್ನು ಬ್ರೇಕ್ ಪ್ಯಾಡ್ ಥರ ಸವೆಯುವ ಸಾಮಾನು ಅಂತಲೇ ಲೆಕ್ಕ ಇಟ್ಟಿದ್ದೇನೆ. ಅದಕ್ಕೇ ಅಲ್ಯೂಮಿನಿಯಂ. ಅದೇ ಇಆರ್‌ಡಿ (ನಿಪ್ಪಲ್ ಕೂರುವ ಜಾಗದಿಂದ ಎದುರಿನದಕ್ಕೆ ಇರುವ ವ್ಯಾಸ, ಸ್ಪೋಕ್ ಉದ್ದ ಇದರಿಂದಲೇ ಲೆಕ್ಕ) ಇರುವ ಇನ್ನೊಂದು ರಿಮ್ ಈಗಾಗಲೇ ತಂದಿಟ್ಟಿದ್ದೇನೆ. ಹಳೆಯದರ ಪಕ್ಕಕ್ಕೆ ಟೇಪ್ ಹಾಕಿ ಕಟ್ಟಿ, ಸ್ಪೋಕ್‌ಗಳನ್ನು ಒಂದೊಂದಾಗಿ ದಾಟಿಸಿದರೆ ಹಬ್ ಕಡೆ ಮುಟ್ಟುವುದೇ ಬೇಡ. ನಿಪ್ಪಲ್ ಮಾತ್ರ ಹೊಸದು ಹಾಕಿ. ಇಆರ್‌ಡಿಗೆ ಕಂಪನಿ ಬರೆದದ್ದನ್ನು ನಂಬಬೇಡಿ. ಕತ್ತರಿಸಿದ ಎರಡು ಸ್ಪೋಕ್‌ಗೆ ನಿಪ್ಪಲ್ ಹಾಕಿ ಎದುರುಬದುರು ತೂತಿನಲ್ಲಿಟ್ಟು ನೀವೇ ಅಳೆಯಿರಿ, ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ. ತೀರಾ ಹೆಚ್ಚುಕಮ್ಮಿ ಬಂದರೆ ಹಳೆ ಸ್ಪೋಕ್ ಉಪಯೋಗಕ್ಕೆ ಬರುವುದಿಲ್ಲ, 32 ಹೊಸದಕ್ಕೆ ದುಡ್ಡು ಬಿಚ್ಚಬೇಕು.